ಪ್ಲಸ್ ಸ್ಕ್ರೂ

ನಮ್ಮ ಮನೆಗೆ ಬಂದವರು ಮೊದಲು ಗೋಡೆ ನೋಡುತ್ತಾರೆ,
ಆಮೇಲೆ ನನ್ನನ್ನು.
ತೇಗದ ಹಲಗೆಗೆ ಬಿಗಿದ ಮೂವತ್ತೊಂದು ಹಿತ್ತಾಳೆ ಲಾಂಛನ:
ಮೊಸಳೆ, ಗಿಡುಗ, ತ್ರಿಶೂಲ, ಬಾಲ ಮುರಿದ ಹುಲಿ.
ಗಾಜಿನಡಿ ಟೋಪಿಯ ಕಪ್ಪು ರಿಬ್ಬನ್ನು,
ಚಿನ್ನದ ದಾರದಲ್ಲಿ ಹಡಗುಗಳ ಹೆಸರು.
ಒಂದು ಗಂಟೆಯೂ ಉಂಟು. ಹೊಡೆಯಬಾರದು,
ನಾಯಿ ಎದ್ದು ಬೊಗಳುತ್ತದೆ.

ಕೊಡಗಿನವರಿಗೆ ಎಲ್ಲಿಯ ನೌಕಾಪಡೆ ಎಂದು ಕೇಳದವರಿಲ್ಲ.
ಕಾವೇರಿ ಕೊನೆಗೆ ಸೇರುವುದು ಕಡಲನ್ನೇ ಅಲ್ವಾ
ಎಂದು ತಾವೇ ಉತ್ತರ ಹೇಳಿಕೊಂಡು ಕಾಫಿ ಕುಡಿಯುತ್ತಾರೆ.
ಇವರು ತಲೆಯಾಡಿಸುತ್ತಾರೆ, ನಲವತ್ತು ವರ್ಷದಿಂದ.
ನನಗೊಬ್ಬಳಿಗೆ ಗೊತ್ತಿರುವ ನಿಜ:
ಭೂಸೇನೆಯ ಭರ್ತಿಯಲ್ಲಿ ಎದೆ ಅರ್ಧ ಅಂಗುಲ ಸಾಲಲಿಲ್ಲ.

ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ ಮೊಯ್ದು ಕಾಕನ ಗುಜರಿ.
ಕಣ್ಣೂರಿನಾಚೆ ಹಡಗು ಒಡೆಯುವಲ್ಲಿಂದ
ಮಾಕುಟ್ಟದ ತಿರುವುಗಳಲ್ಲಿ ಕುಲುಕುತ್ತ ಮೀನಿನ ಲಾರಿ;
ಐಸಿನ ಕೆಳಗೆ ಒಮ್ಮೊಮ್ಮೆ ಒಂದು ಗೋಣಿ.
ಫೋನು ಬಂದರೆ ಇವರು ಎಂಜಲು ಕೈಯಲ್ಲೇ ಎದ್ದಾರು.
ತಂದದ್ದಕ್ಕೆ ವಾರವಿಡೀ ಮತ್ತಿಯ ವಾಸನೆ.
ಒಮ್ಮೆ ಕಾಚಂಪುಳಿ ಹಚ್ಚಿ ಫಳಫಳ ಉಜ್ಜಿಟ್ಟೆ.
ಎರಡು ದಿನ ಮಾತಿಲ್ಲ.
"ಆ ಕಿಲುಬು, ಅದು ಉಪ್ಪು ಬರೆದ ಲೆಕ್ಕ.
ಅಳಿಸಿಬಿಟ್ಟೆ"
ಎಂದರು ಮೂರನೆಯ ದಿನ, ಗೋಡೆಗೆ.

ಇಲ್ಲದ್ದು ಒಂದೇ, ಇವರ ಸ್ವಂತ ಹಡಗಿನದು.
ಕಡಲಡಿಯ ಮೈನು ಗುಡಿಸುವ ಪುಟ್ಟ ಹಡಗು, ಒಡಲು ಮರದ್ದು.
ಪೊರಕೆ ಎಂದು ಅಣಕಿಸುತ್ತಿದ್ದರಂತೆ ದೊಡ್ಡ ಹಡಗಿನವರು.
ಒಡೆದಾಗ ಸೌದೆಯಾಯಿತೋ ಏನೋ.

ಹೋದ ಕಕ್ಕಡದಲ್ಲಿ ಮೊಯ್ದು ಕಾಕ ತಾನೇ ಬಂದ,
ಕೊಡೆ ಮಡಚುವುದನ್ನೂ ಮರೆತು.
ಹಳೆ ಬನಿಯನ್ನಿನಲ್ಲಿ ಸುತ್ತಿದ್ದನ್ನು ಮೇಜಿನ ಮೇಲಿಟ್ಟು
"ಸಿಕ್ಕಿತು ಸಾರ್, ನಿಮ್ಮದು."
ಇವರು ಕನ್ನಡಕ ಹಾಕಿದರು, ತೆಗೆದರು, ಬೆನ್ನು ತಿರುಗಿಸಿ ನೋಡಿದರು.
ನಾನೂ ನೋಡಿದೆ. ನಾಲ್ಕು ಸ್ಕ್ರೂ,
ನಾಲ್ಕರ ನೆತ್ತಿಯಲ್ಲೂ ಪ್ಲಸ್ ಗುರುತು.
ಆ ಕಾಲದ ಸ್ಕ್ರೂಗಳಿಗೆ ಒಂದೇ ಗೀಟು, ಅಷ್ಟು ನನಗೇ ಗೊತ್ತು.
ಎಲ್ಲೋ ನಿನ್ನೆ ಮೊನ್ನೆ ಎರಕ ಹೊಯ್ದು
ಆಸಿಡ್ ಕುಡಿಸಿ ಮುದಿಯಾಗಿಸಿದ್ದು.
ಮೊಯ್ದು ಕಾಕನ ಮುಖ ಮಾತ್ರ ಪೆರ್ನಾಳ್ ಬೆಳಗಿನ ಹಾಗಿತ್ತು.
ಇವರು ಕೇಳಿದಷ್ಟು ಎಣಿಸಿದರು.
ಮೇಲೆ ಒಂದು ಬಾಟಲಿ ಜೇನು.

ಕೈಲ್ ಪೊಳ್ದ್ ದಿನ
ಅಜ್ಜನ ಕೋವಿಗೆ, ಒಡಿಕತ್ತಿಗೆ ತೋಕ್ ಪೂ ಇಟ್ಟು
ಒಂದು ಹೂ ಮಿಕ್ಕಿತು.
ಆ ಹೊಸ ಹಿತ್ತಾಳೆಯ ತಲೆಗೆ ಸಿಕ್ಕಿಸಿದೆ.

"ತೆಗಿ. ಅದು ಕಡಲು ಕಂಡದ್ದಲ್ಲ."
"ನಾನು ಕಂಡಿದ್ದೇನಾ? ಇಟ್ಟುಕೊಂಡಿಲ್ವಾ?"

ನಗಲಿಲ್ಲ ಇವರು.
ಊಟವಾದ ಮೇಲೆ ಅಟ್ಟದಲ್ಲಿ ಡಬ್ಬಿ ಸುರಿದ ಸದ್ದು,
ತುಂಬಾ ಹೊತ್ತು.
ಇಳಿದು ಬಂದಾಗ ಅಂಗೈಯಲ್ಲಿ
ಹಸಿರು ಹಿಡಿದ, ಒಂದೇ ಗೀಟಿನ ನಾಲ್ಕು ಸ್ಕ್ರೂ.

"ಟಾರ್ಚ್ ಹಿಡಿ" ಎಂದರು.