ಹೊಲಿಗೆ ಬಿಚ್ಚುವ ತಿಂಗಳು

ಜನವರಿ. ವಾಲ್ಸಾಲ್ ಊರಿನ ಈ ಗಲ್ಲಿಗೆ
ಬಿಸಿಲು ಹನ್ನೊಂದಕ್ಕೆ ಬಂದು ಎರಡಕ್ಕೆ ಜಾರಿಕೊಳ್ಳುತ್ತದೆ,
ಬಾಡಿಗೆ ಬಾಕಿ ಇಟ್ಟವರ ಹಾಗೆ.
ನನ್ನ ಮೇಜಿನ ಮೇಲೆ ಒಂಬತ್ತು ಮಂದಿ ಸವಾರರು
ಅಂಗಾತ ಮಲಗಿದ್ದಾರೆ,
ಮೈಯಿಲ್ಲ, ತೊಗಲಷ್ಟೇ.

ಒಬ್ಬೊಬ್ಬರ ಎದೆಯಿಂದಲೂ
ಹೋದ ವರ್ಷದ ಧಣಿಯ ಹೆಸರು ಕಿತ್ತು
ಈ ವರ್ಷದವನದು ಕೂರಿಸಬೇಕು.
ಕತ್ತರಿ ಬೇಡ, ಸಣ್ಣ ಬ್ಲೇಡು ಸಾಕು.
ದಾರದಡಿ ತೂರಿಸಿ, ಉಸಿರು ಬಿಗಿಹಿಡಿದು, ಒಂದೊಂದೇ ಹೊಲಿಗೆ.
ಪೆಂಡ್ಲ್‌ಟನ್ ಅಂಡ್ ಸನ್ಸ್, ಸಾರುವೆ ಕಟ್ಟುವವರು:
ಇಂಗ್ಲಿಷಿನ ಹದಿನಾರು ಅಕ್ಷರ, ಮುಕ್ಕಾಲು ಗಂಟೆ.
ಸಾಸೇಜು ಮಾರುವವನದು ಬೇಗ ಬಂತು.
ಅವನು ಟೀಮಿಗೆ ಕೊಟ್ಟದ್ದೂ ಅರ್ಧ ದುಡ್ಡೇ ಅಂತೆ,
ದಾರಕ್ಕೂ ಅದು ತಿಳಿದಿತ್ತೇನೋ.

ಯಾರು ಯಾರನ್ನು ಬಿಟ್ಟರು, ಯಾರು ಎಲ್ಲಿ ಸೇರಿದರು
ನನಗೇ ಮೊದಲು ಗೊತ್ತು.
ಪತ್ರಿಕೆಗಿಂತ ಮೊದಲು, ಕೆಲವೊಮ್ಮೆ ಹೆಂಡತಿಗಿಂತ.
ನವೆಂಬರಿನ ರಾತ್ರಿ ಫೋನು:
"ಹಸಿರು ದಾರ ಎಷ್ಟಿದೆ ನಿನ್ನ ಹತ್ತಿರ?"
ಹಸಿರು ಯಾವ ಟೀಮಿನದೆಂದು ಅವನೂ ಹೇಳುವುದಿಲ್ಲ,
ನಾನೂ ಕೇಳುವುದಿಲ್ಲ.
"ಬೇಕಾದಷ್ಟಿದೆ" ಅನ್ನುತ್ತೇನೆ.

ಟ್ರಿಸ್ಟನ್ ಥ್ರೆಲ್‌ಫಾಲ್ ಹಾಗೆಯೇ ಹೋದ.
ಆರು ವರ್ಷ ಕೆಂಪಿನಲ್ಲಿದ್ದವ.
ಅವನ ಬೈಕು ಗುಡ್ಡದ ಆಚೆ ಇರುವಾಗಲೇ
ಯಾವ ಬೋಲ್ಟು ಸಡಿಲವೆಂದು ಕಿವಿಯಲ್ಲೇ ಹೇಳುತ್ತಿದ್ದ
ಮುದುಕ ಮೆಕ್ಯಾನಿಕ್ ಇಡ್ರಿಸ್ ಪ್ಯೂ,
ಅವನಿಗೆ ತಿಳಿದದ್ದು ನನ್ನ ಅಂಗಡಿಯಲ್ಲಿ.
ಕೈಗವಸು ಹೊಲಿಸಲು ಬಂದಿದ್ದ.
ಮೊಳೆಗೆ ನೇತುಬಿದ್ದ ತೊಗಲಿಗೆ ಹಸಿರು ಪಟ್ಟಿ ನೋಡಿದ.
ಬಲ ಮಂಡಿಯ ಉಜ್ಜುಗಾಯ ನೋಡಿದ.
ಅದು ಯಾವ ತಿರುವಿನ ಗಾಯವೆಂದು
ಅವನಿಗೆ ಹೆಸರು ಓದಿ ತಿಳಿಯಬೇಕೆ?
ತುಟಿ ಬಿಚ್ಚಲಿಲ್ಲ. ದುಡ್ಡು ಎಣಿಸಿಟ್ಟು ಹೋದ.
ಹತ್ತು ಪೆನ್ನಿ ಹೆಚ್ಚಿತ್ತು.
ಹಿಂದಿನಿಂದ ಕೂಗಲು ನನಗೆ ಬಾಯಿ ಬರಲಿಲ್ಲ.
ಆ ನಾಣ್ಯ ಇನ್ನೂ ಗುಂಡಿಗಳ ಡಬ್ಬಿಯಲ್ಲಿದೆ.

ಒಂಬತ್ತನೆಯದು ರೋವನ್ ಹ್ಯಾಲಮ್‌ಳದು.
ಇಪ್ಪತ್ಮೂರು ವಯಸ್ಸು, ಎರಡು ಸಲ ಮುರಿದ ಕೊರಳೆಲುಬು.
ಅವಳ ಜಾಗಕ್ಕೆ ಬಂದ ಹುಡುಗನ
ಅಪ್ಪನಿಗೆ ಟೈಲ್ಸಿನ ಕಾರ್ಖಾನೆಯಿದೆ.
ಹುಡುಗ ನಿಧಾನವೇನಲ್ಲ, ಅದನ್ನೂ ಅವಳೇ ಹೇಳಿದಳು.
"ಎಲ್ಲ ಹೆಸರೂ ತೆಗಿ."
"ಬದಲಿಗೆ?"
"ಸದ್ಯಕ್ಕೆ ಏನಿಲ್ಲ. ಅರವತ್ತೊಂದು ಮಾತ್ರ ಇರಲಿ."

ತೆಗೆದೆ. ಬೆನ್ನು, ಎದೆ, ಎರಡೂ ತೋಳು.
ಹಿಂಡು ನೂಲು ಮೇಜಿನ ಮೇಲೆ ಬಿತ್ತು,
ಯಾವ ಕಂಪನಿಯದೆಂದು ಹೇಳಲಾಗದ ನೂಲು.
ಅಥಣಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ನನ್ನಜ್ಜ
ಉಳಿ ಮಸೆಯುತ್ತಾ ಅನ್ನುತ್ತಿದ್ದ:
"ತೊಗಲಿನ ತೂತು ಮುಚ್ಚೂದಿಲ್ಲೋ ತಮ್ಮಾ,
ಸೂಜಿ ಇಡೂಕಿಂತ ಮದ್ಲ ಇಚಾರ ಮಾಡು."
ಅವನ ಕೈಗೆ ಬಂದದ್ದು ಎಮ್ಮೆ, ನನ್ನ ಕೈಗೆ ಕಾಂಗರೂ.
ಮಾತು ಎರಡಕ್ಕೂ ಸರಿ.

ಮೇಣ ತಿಕ್ಕಿದೆ, ಕಪ್ಪು ಬಣ್ಣ ಒತ್ತಿದೆ.
ಆದರೂ ಎರಡು ಗಂಟೆಯ ಕೊನೆಯ ಬಿಸಿಲಿಗೆ ಎತ್ತಿ ಹಿಡಿದರೆ
ಎದೆಯ ಉದ್ದಕ್ಕೂ ತೂತುಗಳು ಬೆಳಗಿದವು,
ಬಿಚ್ಚಿದ ಹೆಸರೇ, ಈಗ ಬೆಳಕಿನಲ್ಲಿ ಹೊಲಿದದ್ದು.
ಅವಳಿಗೆ ಹೇಳಲಿಲ್ಲ. ಮಡಚಿ ಕಾಗದ ಸುತ್ತಿಟ್ಟೆ.

ಮಾರ್ಚಿಯಲ್ಲಿ ಒಂದು ಸಂಜೆ ಫೋನು.
ಹಿಂದೆ ವ್ಯಾನಿನ ಸದ್ದು, ಯಾರೋ ಅವಳನ್ನು ಕೂಗುತ್ತಿದ್ದಾರೆ.
"ಬಿಳಿ ದಾರ ಇದೆಯಾ?"

ಬಿಳಿ ಯಾವ ಟೀಮಿನದೆಂದು
ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.
ಇದೆ ಅಂದೆ.