ಹವಳದ ಮಣಿ ಇಳಿಯುವ ಹೊತ್ತು

ಏಳು ಡಿಗ್ರಿ. ಥರ್ಮಾಮೀಟರು ಸುಳ್ಳು ಹೇಳುವುದಿಲ್ಲ,
ಜನ ಹೇಳುತ್ತಾರೆ. ಗಾಳಿಬೀಡಿನಲ್ಲಿ ಎಲ್ಲರೂ
ಈ ವರ್ಷ ಚಳಿಯೇ ಇಲ್ಲ ಎನ್ನುತ್ತಾ
ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಳ್ಳುತ್ತಾರೆ.

ನಿನ್ನೆಯ ಪಂದಿಕರಿಯ ಪಾತ್ರೆಯಲ್ಲಿ
ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತ್ತು.
ಬೆರಳಿನಿಂದ ಒತ್ತಿದೆ. ಅಚ್ಚು ಹಾಗೇ ನಿಂತಿತು.
ಆಗಲೇ ಶೆಡ್ಡಿನ ಡಾಜ್ ನೆನಪಾದದ್ದು:
ಅದರ ಹೊಟ್ಟೆಯಲ್ಲೂ ಹೀಗೇ ಏನೋ ಒಂದು
ರಾತ್ರಿಯಿಡೀ ಕೂತಿರುತ್ತದಲ್ಲ.

ಅರವತ್ತೊಂಬತ್ತರ ಗಾಡಿ. ಎಂಟು ಸಿಲಿಂಡರು.
ಕುಶಾಲನಗರದಲ್ಲಿ, ಕಾಫಿ ಕ್ಯೂರಿಂಗಿನ ಹಳೇ ಗೋದಾಮಿನ ಹಿಂದೆ
ಅದರ ಸೀಟಿನ ಮೇಲೆ ಕೋಳಿ ಕಾವು ಕೂತಿದ್ದಾಗ
ನಾನು ಕೊಂಡದ್ದು, ಗ್ರಾಚ್ಯುಟಿಯ ಅರ್ಧ ಕೊಟ್ಟು.
ಮರಿ ಆಗುವ ತನಕ ಇರಲಿ ಎಂದರು.
ಇರಲಿ ಎಂದೆ. ಹದಿನೇಳು ದಿನ ಕಾದೆ.

ಬೆಳಿಗ್ಗೆ ಕೀಲಿ ತಿರುಗಿಸಿದರೆ ಮೊದಲು ಒಂದು ನರಳಾಟ,
ಆಮೇಲೆ ಟಾಪೆಟ್ಟುಗಳ ಟಕಟಕ,
ಒಣ ಲೋಹ ಒಣ ಲೋಹವನ್ನು ಬೈಯುವ ಸದ್ದು,
ಎಣ್ಣೆ ಮೇಲೆ ಹತ್ತುವವರೆಗೆ.
ಎಣಿಸಿದೆ: ಹನ್ನೊಂದು ಸೆಕೆಂಡು.
ಇಪ್ಪತ್ತೆಂಟು ವರ್ಷ ಮಿಲಿಟರಿ ಆಸ್ಪತ್ರೆಗಳಲ್ಲಿ
ಡ್ರಿಪ್ಪಿನ ಹನಿ ಎಣಿಸಿದವಳಿಗೆ
ಹನ್ನೊಂದು ಸೆಕೆಂಡು ಎಷ್ಟು ಉದ್ದ ಎಂದು ಗೊತ್ತು.

"ಇಪ್ಪತ್ತು-ಐವತ್ತೇ ಇರಲಿ ಮೇಜರಮ್ಮಾ,"
ಮಡಿಕೇರಿಯ ಗ್ಯಾರೇಜಿನ ಬಾಗಿಲಲ್ಲಿ ಮೊಯ್ದು ಬೀಡಿ ಹೊಸಕುತ್ತಾ ಹೇಳಿದ.
"ಹಳೇ ಎಂಜಿನ್. ಸಂದು ಜಾಸ್ತಿ. ದಪ್ಪ ಎಣ್ಣೆಯೇ ಬೇಕು.
ನಮ್ಮ ಉಪ್ಪ ಲಾರಿಗೆ ಹಾಕ್ತಿದ್ದುದೂ ಅದನ್ನೇ."
ನಿಮ್ಮ ಉಪ್ಪನ ಲಾರಿ ಮೈಸೂರಿಗೆ ಇಳಿಯುತ್ತಿತ್ತು ಮೊಯ್ದು, ಬಿಸಿಲಿಗೆ.
ಇದು ಇಲ್ಲೇ ಏಳಬೇಕು, ಮಂಜಿನೊಳಗೆ.
ಡಬ್ಬಿಯ ಮೇಲೆ ಎರಡು ಅಂಕಿ,
ಒಂದು ಏಳುವಾಗಿನದು, ಇನ್ನೊಂದು ಓಡುವಾಗಿನದು.
ಓಡುವುದರ ಬಗ್ಗೆಯೇ ಮಾತಾಡಿದೆವು ಇಷ್ಟು ದಿನ.

ಆ ರಾತ್ರಿ ಕಟ್ಟೆಯ ಮೇಲೆ ಜೇನಿನ ಖಾಲಿ ಸೀಸೆಗಳು,
ಒಂದೊಂದರಲ್ಲಿ ಒಂದೊಂದು ಎಣ್ಣೆ.
ನಾಲ್ಕನೆಯದರಲ್ಲಿ, ಸುಮ್ಮನೆ ಹಟಕ್ಕೆ, ಕಾಚಂಪುಳಿ.
ಬೆಳಿಗ್ಗೆ, ಹರಿದ ಪತ್ತಾಕಿನಿಂದ ಉದುರಿದ ಹವಳದ ಮಣಿಗಳನ್ನು
ಒಂದೊಂದಾಗಿ ಬಿಟ್ಟೆ.
ಕನ್ನಡದಲ್ಲಿ ಬೈಯಬಲ್ಲೆ, ಹಿಂದಿಯಲ್ಲಿ ಆರ್ಡರು ಕೊಡಬಲ್ಲೆ,
ಎಣಿಕೆ ಮಾತ್ರ ಅವ್ವನ ಮಾತಿನಲ್ಲೇ ಬರುವುದು:
ಒಂದ್, ದಂಡ್, ಮೂಂದ್...
ಹತ್ತು-ನಲವತ್ತರಲ್ಲಿ ಮಣಿ ತಳ ಮುಟ್ಟಿದಾಗ ಹನ್ನೆರಡು.
ಇಪ್ಪತ್ತು-ಐವತ್ತರಲ್ಲಿ ಇನ್ನೂ ಅರ್ಧ ದಾರಿ,
ಹೊಂಬಣ್ಣದೊಳಗೆ ಕೆಂಪಗೆ,
ಯಾರ ಮನೆಗೋ ಹೋಗಲು ಮನಸ್ಸಿಲ್ಲದ ನೆಂಟನ ಹಾಗೆ.
(ಕಾಚಂಪುಳಿಯ ಮಣಿ ಕಾಣಲೇ ಇಲ್ಲ. ಕಪ್ಪು.)

ಆದರೆ ತೆಳುವಾದರೆ ಸಾಲದು, ಸತುವೂ ಬೇಕು.
ಈಗಿನ ಕಾರುಗಳಿಗೆಂದು ಮಾಡಿದ ಎಣ್ಣೆಯಲ್ಲಿ ಅದನ್ನು ಕಡಿಮೆ ಮಾಡಿದ್ದಾರೆ;
ಇದರ ಕ್ಯಾಮು ಹಳೇ ಕಾಲದ್ದು, ಉಜ್ಜಿಯೇ ಬದುಕುವಂಥದ್ದು.
ಮಡಿಕೇರಿಯಲ್ಲಿ ಸಿಗಲಿಲ್ಲ. ಮೈಸೂರಿನಿಂದ ಬಂತು,
ಬಸ್ ಡ್ರೈವರನ ಕಾಲ ಬಳಿ,
ಬಾಳೆಗೊನೆಗೆ ಒರಗಿಕೊಂಡು ಐದು ಲೀಟರು.

ಮರುದಿನ, ಮತ್ತೆ ಏಳು ಡಿಗ್ರಿ. ಕೀಲಿ.
ಟಕಟಕ. ನಾಲ್ಕಕ್ಕೆ ನಿಂತಿತು.
ಪ್ರೆಷರಿನ ಮುಳ್ಳು ಎದ್ದು ಕೂತಿತು, ಶೆಡ್ಡಿನ ತಗಡು ನಡುಗಿತು,
ಪಕ್ಕದ ತೋಟದಲ್ಲಿ ಕಾಫಿ ಕೊಯ್ಯುತ್ತಿದ್ದ ಹೆಂಗಸರು
ಚೀಲ ಇಳಿಸಿ ತಿರುಗಿ ನೋಡಿದರು.
ನಾನು ಗೆದ್ದೆ ಎಂದು ಮೊಯ್ದುವಿಗೆ ಫೋನು ಮಾಡಿದೆ.

ಸಂಜೆ ಬಂದ. ಬಾನೆಟ್ಟನ್ನು ನೋಡಲೇ ಇಲ್ಲ,
ಸೀದಾ ನೆಲಕ್ಕೆ ಬಗ್ಗಿದ.
ಕೆಳಗೆ ಹಾಸಿದ್ದ ಪೇಪರಿನ ಮದುವೆ ಜಾಹೀರಾತಿನ ಮೇಲೆ
ಒಂದು ಹೊಂಬಣ್ಣದ ಚುಕ್ಕೆ.
ಬೆರಳಿಗೆ ಒರೆಸಿಕೊಂಡು ಮೂಸಿದ.
"ಹಿಂದಿನ ಸೀಲು. ದಪ್ಪದ್ದು ಅದರ ಮಾನ ಕಾಯ್ತಿತ್ತು."
ಗೆದ್ದವನ ದನಿಯಲ್ಲ ಅದು, ಅಷ್ಟು ಒಳ್ಳೆಯವನು.

ಸ್ಟೂಲು ಎಳೆದು ಕೂತೆ. ಗಡಿಯಾರ ಒಳಮಣಿಕಟ್ಟಿಗೆ ತಿರುಗಿಸಿದೆ,
ವಾರ್ಡಿನಲ್ಲಿ ಮಾಡುತ್ತಿದ್ದ ಹಾಗೆ.
ಎರಡನೆಯ ಹನಿ ಅಂಚಿನಲ್ಲಿ ದುಂಡಗಾಗುತ್ತಿತ್ತು,
ಟಾರ್ಚಿನ ಬೆಳಕು ಹೀರಿಕೊಂಡು.
"ಕಾಫಿ ಕುಡಿಯೋಣವಾ?" ಎಂದ ಮೊಯ್ದು.
ಇರು, ಎಂದೆ.