ಐದು ಹಿಡಿ ನವಸಾಗರ

ಮೂಟೆಯ ಮೇಲೆ ಅರಬಿಯಲ್ಲಿ ನುಶಾದಿರ್ ಎಂದಿದೆ.
ಪಕ್ಕದಂಗಡಿಯ ಪಠಾಣ ನೌಸಾದರ್ ಅನ್ನುತ್ತಾನೆ.
ನಾನು ಮಾತ್ರ, ಯಾರೂ ಓದಲಾರರೆಂಬ ಧೈರ್ಯದಲ್ಲಿ,
ಖಾತೆಯ ಪುಸ್ತಕಕ್ಕೆ ಕನ್ನಡದಲ್ಲೇ ಬರೆಯುತ್ತೇನೆ: ನವಸಾಗರ.
ಹೊಸ ಸಾಗರವೋ ಒಂಬತ್ತು ಸಾಗರವೋ
ಹೆಸರಿಟ್ಟವರನ್ನು ಕೇಳಬೇಕು.
ಮತ್ರಾದ ಈ ಗಲ್ಲಿಯಿಂದ ನೂರು ಹೆಜ್ಜೆಗೆ
ನಿಜದ ಸಾಗರವೇ ಇದೆ. ಅದರ ಪಸೆ
ಇರುಳು ಗೋದಾಮಿಗೆ ನುಗ್ಗಿ
ಬೆಳಗಾಗುವುದರೊಳಗೆ ಪುಡಿಯನ್ನು ಹೆಂಟೆ ಮಾಡುತ್ತದೆ.
ಸುತ್ತಿಗೆಯಲ್ಲಿ ಜಜ್ಜಿ ಮಾರುತ್ತೇನೆ.

ಕೊಳ್ಳುವವರು ಯಾರು ಅಂತೀರಾ?
ಕಬ್ಬಿಣಕ್ಕೆ ಸತು ಹಿಡಿಸುವ ರುಸೈಲ್‌ನ ಕಾರ್ಖಾನೆಯವರು, ಟನ್ನುಗಟ್ಟಲೆ.
ಬೆಸುಗೆಯವರು.
ಹಳೇ ಟಾರ್ಚಿನ ಸೆಲ್ಲು ಒಡೆದರೆ ಮಸಿಯ ನಡುವೆ ಇದೇ,
ಕೆಮ್ಮಿನ ಸಿರಪ್ಪಿನ ಬೆನ್ನಲ್ಲಿ ಇರುವೆಯಂಥ ಅಕ್ಷರದಲ್ಲಿ ಇದೇ.
ಮತ್ತೆ, ಅರ್ಧ ಕಿಲೋಗೆ ಅರ್ಧ ಗಂಟೆ ಚೌಕಾಸಿ ಮಾಡುವ
ಕಲಾಯಿಯ ಇದಿನಬ್ಬ.

ಮದುವೆಯ ಹಂಡೆಯೊಳಗೆ ಬರಿಗಾಲಲ್ಲಿ ನಿಂತು
ಮರಳು ತುಳಿದು ಸೊಂಟ ತಿರುಗಿಸುತ್ತಾನೆ, ಅರವತ್ತೆರಡರಲ್ಲಿ!
ಆಮೇಲೆ ಬೆಂಕಿ. ಕೆಂಪಾದ ತಾಮ್ರಕ್ಕೆ ಒಂದು ಚಿಟಿಕೆ ಎಸೆದರೆ
ಕರಗುವುದಿಲ್ಲ ಅದು, ಕುದಿಯುವುದಿಲ್ಲ,
ನೆಟ್ಟಗೆ ಬಿಳಿ ಹೊಗೆ. ಮೂಗು ಉರಿಯುತ್ತದೆ.
ಹಿಂದೆಯೇ ತವರ, ಹಿಂದೆಯೇ ಹತ್ತಿಬಟ್ಟೆ,
ಒಳಗೆಲ್ಲ ಹುಣ್ಣಿಮೆ.

ಪಿಯುಸಿಯಲ್ಲಿ ಎರಡು ಸಲ ಫೇಲಾದರೂ ನನಗೆ ಇದೊಂದು ನೆನಪಿದೆ:
ಕಾಸಿದರೆ ಎರಡು ಗಾಳಿಯಾಗಿ ಒಡೆಯುತ್ತದೆ,
ತಣ್ಣನೆ ಗೋಡೆ ಸಿಕ್ಕರೆ ಮತ್ತೆ ಉಪ್ಪಾಗಿ ಕೂಡುತ್ತದೆ.
ಹೇಳಿದೆ. ಇದಿನಬ್ಬ ಬೀಡಿ ಬದಿಗಿಟ್ಟ:
"ನಾನೂ ನನ್ನ ತಮ್ಮನೂ ಒಡೆದು ಹನ್ನೊಂದು ವರ್ಷ ಮಾರಾಯ.
ನಿನ್ನ ಗೋಡೆ ಎಲ್ಲುಂಟು?"

ಆಗಸ್ಟಿನ ಒಂದು ಮಧ್ಯಾಹ್ನ ಸೂಕಿಗೆಲ್ಲ ಕರೆಂಟು ಹೋಯಿತು.
ದಲ್ಲಾ ಒಯ್ಯಲು ಬಂದ ಸಾಲ್ಮಾ ಅಜ್ಜಿ
ಮೆಟ್ಟಿಲಲ್ಲೇ ಕುಸಿದು ಕೂತಳು. ಚೀಲದಲ್ಲಿ
ಆಸ್ಪತ್ರೆಯಿಂದ ತಂದ ಇನ್ಸುಲಿನ್ನು, ಮಂಜುಗಡ್ಡೆಯೆಲ್ಲ ನೀರು.
ಮಗನ ಕಾರು ಇನ್ನೂ ಸೀಬ್ ದಾಟಿಲ್ಲ.
ಇದಿನಬ್ಬ ಏನೂ ಹೇಳದೆ
ಅವಳದೇ ದಲ್ಲಾಕ್ಕೆ, ಆಗಷ್ಟೇ ಬೆಳಗಿದ್ದಕ್ಕೆ,
ಕೂಜದ ನೀರು ಸುರಿದು, ನನ್ನ ಮೂಟೆಯಿಂದ
ಒಂದು, ಎರಡು, ಮೂರು... ಐದು ಹಿಡಿ ಹಾಕಿ ಕದಡಿದ.

ಬೆಂಕಿಯ ಉಪ್ಪೆಂದೇ ನಾನು ಇಷ್ಟು ದಿನ ತೂಗಿದ್ದು.
ತಾಮ್ರದ ಹೊಟ್ಟೆ ಬೆವರಿತು. ಮುಟ್ಟಿ ನೋಡಿದೆ,
ಬಾವಿಯ ತಳದ ತಣ್ಣಗೆ.
ಪ್ಲಾಸ್ಟಿಕ್ಕಿನಲ್ಲಿ ಬಿಗಿದ ಸೀಸೆಯನ್ನು ಇಳಿಬಿಟ್ಟು ಮುಚ್ಚಳ ಮುಚ್ಚಿದ.
ಅಜ್ಜಿ ಕೆನ್ನೆಗೆ ಒತ್ತಿಕೊಂಡಳು ದಲ್ಲಾವನ್ನು,
"ಬಾರಿದ್," ಅಂದಳು, "ಬಾರಿದ್,"
ಯಾರನ್ನೋ ಹೆಸರು ಹಿಡಿದು ಕರೆದಂತೆ.

ಸಂಜೆಗೆ ನೋಡಿದರೆ ಹೊಸ ಕಲಾಯಿ ಮಂಕಾಗಿದೆ,
ಉಪ್ಪು ತಿಂದಿದೆ, ಅಂಚಲ್ಲಿ ತೆಳು ನೀಲಿ.
ಬೈಯುತ್ತಲೇ ಮತ್ತೆ ಒಲೆ ಊದಿದ ಇದಿನಬ್ಬ,
ಕಾಸು ಕೇಳಲಿಲ್ಲ. ಕೇಳಬೇಕಾದವನು ನಾನು.
ಖಾತೆಯಲ್ಲಿ ಕಲಾಯಿಗೆ ಒಂದು ಪುಟ, ಬೆಸುಗೆಗೆ ಒಂದು,
ಇದಕ್ಕೆ ಪುಟವಿಲ್ಲ.
ಅಂಚಿನಲ್ಲಿ ಗೀಚಿಟ್ಟೆ:
ನವಸಾಗರ, ಐದು ಹಿಡಿ. ತಂಪಿಗೆ.
ದರ ಬರೆಯುವಲ್ಲಿ ಪೆನ್ನು ನಿಂತು
ಒಂದು ಚುಕ್ಕೆ ಮಾತ್ರ ಹರಡಿದೆ.